ತೆಂಗಿನ ಮರಕ್ಕೆ ಹದ್ದುಬಸ್ತು

ತಲೆಗೆ ಹೆಲ್ಮೆಟ್ ಹಾಕಿಕೊಂಡು ದಾಸವಾಳದ ಗಿಡಕ್ಕೆ ನೀರು ಹಾಕುವ ಮನುಷ್ಯನನ್ನು ನೀವು ನೋಡಿಲ್ಲವೆಂದರೆ, ತೊಂಬತ್ತರ ದಶಕದ ಕೊನೆಯಲ್ಲಿ ನಾಗಮಂಗಲದ ನಮ್ಮ ಬೀದಿಗೆ ನೀವು ಬಂದಿಲ್ಲ ಎಂದರ್ಥ. ಬಂದಿದ್ದರೆ ಖಂಡಿತ ನೋಡಿರುತ್ತಿದ್ದಿರಿ. ಆ ಮನುಷ್ಯ ನಾನೇ. ಕೈಯಲ್ಲಿ ತೂತು ಬಿದ್ದ ಬಕೆಟ್ಟು, ಸೊಂಟದಲ್ಲಿ ಪಂಚೆ, ತಲೆಯ ಮೇಲೆ ಹೆಲ್ಮೆಟ್ಟು. ನಗುವವರು ನಗಲಿ ಎಂದು ಬಿಟ್ಟಿದ್ದೆ. ನಗುವವರ ತಲೆಯ ಮೇಲೆ ತೆಂಗಿನಕಾಯಿ ಬೀಳುವ ಸಂಭವ ಇರಲಿಲ್ಲವಲ್ಲ.

ನಿವೃತ್ತರಾದವರು ಹೊತ್ತು ಕಳೆಯುವುದಕ್ಕೆ ಏನಾದರೊಂದು ಹಚ್ಚಿಕೊಳ್ಳಲೇಬೇಕು. ನಮ್ಮ ಬೀದಿಯಲ್ಲೇ ಒಬ್ಬರು ಮೇಷ್ಟ್ರು ಮುರಿದ ಛತ್ರಿಗಳನ್ನು ರಿಪೇರಿ ಮಾಡುತ್ತಿದ್ದರು. ಯಾರೂ ಕೊಡದಿದ್ದರೆ ತಮ್ಮದೇ ಛತ್ರಿಯನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಇನ್ನೊಬ್ಬರು, ತಾಲ್ಲೂಕು ಕಚೇರಿಯಲ್ಲಿದ್ದವರು, ಹಗಲಿನಲ್ಲಿ ಉರಿಯುವ ಬೀದಿದೀಪಗಳನ್ನು ಹುಡುಕಿಕೊಂಡು ಊರೆಲ್ಲ ತಿರುಗುತ್ತಿದ್ದರು. ಎದುರುಮನೆಯ ಶಿವಣ್ಣ ಕೆ.ಆರ್. ಪೇಟೆ ದಾರಿಯಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿದವನು. ಈಗ ಜಗುಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತ, ಹೋಗುವ ಬರುವ ಬಸ್ಸುಗಳ ಗೇರಿನ ಸದ್ದು ಕೇಳಿ, "ಲೇ ಲೇ, ಕ್ಲಚ್ ಸುಟ್ಟಾಕ್ತಾವ್ನೆ ನನ್ಮಗ" ಎಂದು ಸಂಕಟಪಡುವುದೇ ಅವನ ದಿನಚರಿ. ಎಲ್ಲರಿಗೂ ಒಂದೊಂದು ಹವ್ಯಾಸ. ನನಗೆ ಭಯಪಡುವುದೇ ಹವ್ಯಾಸವಾಯಿತು.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕೆಲಸದಲ್ಲಿದ್ದಾಗಲೂ ಭಯವಿತ್ತು, ಯಾರಿಗಿಲ್ಲ? ನಾನು ಸರ್ವೆ ಇಲಾಖೆಯವನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹೊಲ ಗದ್ದೆಗಳಲ್ಲಿ ಸರಪಳಿ ಎಳೆದು ಹದ್ದುಬಸ್ತು ಮಾಡಿದವನು. ಹದ್ದುಬಸ್ತು ಎಂದರೆ ಒಬ್ಬನ ಜಮೀನು ಎಲ್ಲಿಗೆ ಮುಗಿಯಿತು, ಪಕ್ಕದವನದು ಎಲ್ಲಿಂದ ಶುರುವಾಯಿತು ಎಂದು ಅಳೆದು ಬಾಂದುಕಲ್ಲು ನೆಡಿಸುವುದು. ಕಲ್ಲು ಎಲ್ಲಿ ನೆಟ್ಟರೂ ಒಬ್ಬನಿಗೆ ಕೋಪ ಬರುತ್ತದೆ, ಆ ಒಬ್ಬನ ಕೈಯಲ್ಲಿ ಕುಡುಗೋಲಿರುತ್ತದೆ. ಮಾಕವಳ್ಳಿ ಕಡೆ ಕಬ್ಬಿನ ಗದ್ದೆಯೊಳಗೆ ಸರಪಳಿ ಎಳೆಯುವಾಗ ಕಾಲಡಿಯಲ್ಲಿ ಸರಕ್ಕೆಂದದ್ದು ಸೋಗೆಯೋ ಹಾವೋ ಎಂದು ಜೀವ ಬಾಯಿಗೆ ಬಂದದ್ದುಂಟು. ಆದರೆ ಆ ಭಯಗಳಿಗೆ ಒಂದು ಹೊತ್ತುಗೊತ್ತು ಇರುತ್ತಿತ್ತು. ಸಾಯಂಕಾಲ ಬಸ್ಸು ಹತ್ತಿದರೆ ಅವು ಅಲ್ಲೇ ಉಳಿಯುತ್ತಿದ್ದವು. ನಿವೃತ್ತನ ಭಯಕ್ಕೆ ಅಂಥ ಶಿಸ್ತಿಲ್ಲ. ಅದು ಮನೆಯಲ್ಲೇ ಇರುತ್ತದೆ, ನಮ್ಮ ಜೊತೆಗೇ ಕಾಫಿ ಕುಡಿಯುತ್ತದೆ. ಗ್ಯಾಸಿನ ಕೀಲಿ ತಿರುಗಿಸಿದ್ದೇನೋ ಇಲ್ಲವೋ, ಸಂಪಿನ ಮುಚ್ಚಳ ಮುಚ್ಚಿದೆಯೋ ಇಲ್ಲವೋ, ಎದೆಯ ಎಡಗಡೆ ಚುಳ್ ಎಂದದ್ದು ವಾಯುವೋ ಇನ್ನೇನೋ. ಮೊದಮೊದಲು ಇಂಥ ಚಿಲ್ಲರೆ ಭಯಗಳಲ್ಲೇ ನನ್ನ ದಿನ ಹೋಗುತ್ತಿತ್ತು. ಆಮೇಲೆ ಹಿತ್ತಿಲ ತೆಂಗಿನ ಮರ ಕಣ್ಣಿಗೆ ಬಿತ್ತು.

ಆ ಮರ ಹೊಸದೇನಲ್ಲ. ಮಗಳು ಸವಿತಾ ಹುಟ್ಟಿದಾಗ ನನ್ನ ಹೆಂಡತಿ ಜಯಮ್ಮ ತನ್ನ ತವರು ದೇವಲಾಪುರದಿಂದ ಸಸಿ ತಂದು ಮನೆಯ ಹಿಂಗೋಡೆಗೆ ಒತ್ತಿಕೊಂಡಂತೆ ನೆಟ್ಟದ್ದು. ಬಟ್ಟೆ ಒಗೆಯುವ ಕಲ್ಲನ್ನೂ ಅದರ ಬುಡದಲ್ಲೇ ಹಾಕಿಸಿದಳು. ಒಗೆದ ನೀರು ಮರಕ್ಕೆ ಹೋಗಲಿ ಎಂದು. ಮಗಳು ಬೆಳೆದಳು, ಮರವೂ ಬೆಳೆಯಿತು. ಮಗಳನ್ನು ಪಾಂಡವಪುರಕ್ಕೆ ಮದುವೆ ಮಾಡಿಕೊಟ್ಟೆವು, ಮರ ಇಲ್ಲೇ ಉಳಿಯಿತು. ಅಷ್ಟು ವರ್ಷವೂ ನಾನು ಬೆಳಿಗ್ಗೆ ಹೋದರೆ ರಾತ್ರಿ ಬರುವವನು. ಮನೆಯಲ್ಲಿ ತೆಂಗಿನಕಾಯಿ ಇದೆ ಎಂದು ಗೊತ್ತಿತ್ತೇ ಹೊರತು ಅದು ಬೀಳುತ್ತದೆ ಎಂದು ಗೊತ್ತಿರಲಿಲ್ಲ.

ಬಲಿತಾಗ ಕೀಳಿಸುತ್ತಿದ್ದರೆ ಬೀಳುವುದಕ್ಕೆ ಉಳಿಯುವುದಾದರೂ ಏನು? ಆದರೆ ಆ ಹೊತ್ತಿಗೆ ನುಸಿ ರೋಗ ಬಂತು. ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಯಿಯ ಮೈಯೆಲ್ಲ ಕಂದು ಕಜ್ಜಿಯಾಗಿ, ಗಾತ್ರ ಮುಷ್ಟಿಯಷ್ಟಾಗಿ, ಬಲಿಯುವ ಮೊದಲೇ ಉದುರುತ್ತಿದ್ದವು. ಇಂಥ ಕಾಯಿಗಾಗಿ ಮರ ಹತ್ತುವುದಕ್ಕೆ ಯಾರೂ ಬರುತ್ತಿರಲಿಲ್ಲ. ನುಸಿ ಹತ್ತದ ಕಾಯಿಗಳೂ ಅವುಗಳ ಜೊತೆಗೇ ಮೇಲೆ ಉಳಿದವು. ಒಂದು ಮಧ್ಯಾಹ್ನ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಪೇಪರು ಓದುತ್ತಿದ್ದೆ. ಧೊಪ್ ಎಂದಿತು. ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಯಿತು. ಹೋಗಿ ನೋಡಿದರೆ ಒಂದು ಕಾಯಿ ಹಿತ್ತಿಲಂಗಳದ ಆ ತುದಿಯ ಮಣ್ಣಿನಲ್ಲಿ ಅರ್ಧ ಹೂತುಕೊಂಡಿದೆ. ಅದು ಹೂತುಕೊಂಡಿದ್ದ ಕುಳಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಆಮೇಲೆ ನನ್ನ ಬೋಳುತಲೆಯನ್ನೂ ಮುಟ್ಟಿ ನೋಡಿಕೊಂಡೆ. ಅವತ್ತಿನಿಂದ ನನ್ನ ಮಿಕ್ಕ ಭಯಗಳೆಲ್ಲ ಬಿಟ್ಟುಹೋದವು. ಎಲ್ಲವನ್ನೂ ಇದೊಂದೇ ನುಂಗಿಹಾಕಿತು.

ಜಯಮ್ಮನಿಗೆ ಭಯವೆಂಬುದೇ ಇಲ್ಲ. ಅವಳು ಅದೇ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಕುಸುಬುತ್ತಲೇ, "ತೆಂಗಿನಕಾಯ್ಗೆ ಕಣ್ಣದೆ ಕಣ್ರೀ. ಇಷ್ಟ್ ವರ್ಸ ಆಯ್ತು, ಯಾರ್ ತಲೆ ಮ್ಯಾಲಾದ್ರೂ ಬಿದ್ದದ್ದ ಕಂಡಿದ್ದೀರಾ? ಅದು ನೋಡ್ಕಂಡೇ ಬೀಳೋದು" ಎಂದಳು.

ಈ ಮಾತು ನೀವೂ ಕೇಳಿರುತ್ತೀರಿ. ತೆಂಗು ಬೆಳೆಯುವ ನಾಡಿನಲ್ಲೆಲ್ಲ ಇದನ್ನು ನಂಬುತ್ತಾರೆ, ನಂಬದೆ ವಿಧಿಯಿಲ್ಲ. ನಂಬದಿದ್ದರೆ ಮನೆಯಿಂದ ಹೊರಗೆ ಕಾಲಿಡುವುದು ಹೇಗೆ? ಆದರೆ ನನಗೆ ಹೊತ್ತು ಬೇಕಾದಷ್ಟಿತ್ತು. ಒಂದು ಕಾಯಿಯನ್ನು ಸುಲಿದು ಪರೀಕ್ಷೆಗೆ ಕೂತೆ. ಮೂರು ಕಣ್ಣು ಇರುವುದೇನೋ ನಿಜ. ಚಾಕುವಿನ ಮೊನೆಯಿಂದ ಒತ್ತಿ ನೋಡಿ, ಎರಡು ಕಣ್ಣು ಕಲ್ಲು. ಒಂದೇ ಒಂದು ಮೆತ್ತಗಿರುತ್ತದೆ, ಮೊಳಕೆ ಬರುವುದು ಅದರಿಂದ. ಅಂದರೆ ಮೂರರಲ್ಲಿ ಎರಡು ಹುಟ್ಟು ಕುರುಡು. ಅದೂ ಹೋಗಲಿ, ಕಣ್ಣಿರುವುದು ಎಲ್ಲಿ? ತೊಟ್ಟಿನ ಕೆಳಗೆ. ಕಾಯಿ ಮರದಲ್ಲಿ ತೂಗುತ್ತಿರುವಾಗ ತೊಟ್ಟು ಮೇಲಕ್ಕೆ, ಕಣ್ಣೂ ಮೇಲಕ್ಕೆ. ಹಾಗಾದರೆ ಅದು ಬೀಳುವಾಗ ನೋಡುವುದು ತಾನು ಬಿಟ್ಟು ಬಂದ ಗೊನೆಯನ್ನೇ ಹೊರತು, ತಾನು ಹೋಗುತ್ತಿರುವ ಜಾಗವನ್ನಲ್ಲ. ಥೇಟ್ ನಮ್ಮಂಥ ನಿವೃತ್ತರ ಹಾಗೆ. ಈ ಸಂಶೋಧನೆಯನ್ನು ಜಯಮ್ಮನಿಗೆ ಕಾಯಿ ಸಮೇತ ತೋರಿಸಿದೆ. ಅವಳು ಕಾಯಿಯನ್ನು ಕಸಿದುಕೊಂಡು ಒಡೆದು ಸಾರಿಗೆ ಹಾಕಿದಳು. "ಕೆಲ್ಸಿಲ್ದ ಬಡಗಿ ಮಗುನ್ ಕುಂಡೆ ಕೆತ್ತುದ್ನಂತೆ" ಎಂದು ಗಾದೆಯನ್ನೂ ಹಾಕಿದಳು.

ಇಷ್ಟೇ ಆಗಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಸವಿತಾ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣುಮಗು. ಕೈಯಲ್ಲಿ ಎತ್ತಿಕೊಂಡಾಗ ಅದರ ನೆತ್ತಿ ನನ್ನ ಹೆಬ್ಬೆರಳ ಕೆಳಗೆ ಮಿಡಿಯುತ್ತಿತ್ತು. ಎಳೆ ಮಗುವಿನ ನೆತ್ತಿಯಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ, ಬರೀ ಚರ್ಮ, ಅದರಡಿಯಲ್ಲಿ ಉಸಿರಾಡಿದ ಹಾಗೆ ಏನೋ ಏರಿ ಇಳಿಯುತ್ತಿರುತ್ತದೆ. ನನ್ನ ಮಗಳು ಮಗುವಾಗಿದ್ದಾಗ ಇದನ್ನು ನಾನು ನೋಡಿರಲಿಲ್ಲ, ಶ್ರೀರಂಗಪಟ್ಟಣದಲ್ಲಿ ಹೊಳೆಯಂಚಿನ ಗದ್ದೆ ಅಳೆಯುತ್ತಿದ್ದೆ. ಈಗ ನೋಡಿದೆ, ನೋಡಿದ ಮೇಲೆ ಹಿತ್ತಿಲ ಕಡೆ ನೋಡಿದೆ. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿ ನೀರು ಹಾಕಿದ ಮೇಲೆ ಮಗುವನ್ನು ಎಳೆಬಿಸಿಲಿನಲ್ಲಿ ಮಲಗಿಸಬೇಕು, ಅದು ನಮ್ಮಲ್ಲಿ ಬಾಣಂತನದ ಕ್ರಮ. ನಮ್ಮ ಮನೆಗೆ ಎಳೆಬಿಸಿಲು ಬೀಳುವುದು ಹಿತ್ತಿಲಿಗೆ ಮಾತ್ರ.

"ಮರ ಕಡಿಸೋಣ" ಎಂದೆ.

ಜಯಮ್ಮ ನನ್ನನ್ನು ನೋಡಿದ ನೋಟಕ್ಕೆ ಮರವೇ ನನ್ನ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಫಲ ಕೊಡೋ ಮರ ಕಡುದ್ರೆ ಮಗನ್ ತಲೆ ಕಡುದಂಗೆ. ಅದೂ ಮನೇಲಿ ಬಾಣಂತಿ ಇಟ್ಕಂಡು! ಬಾಯ್ಬುಟ್ಟು ಇನ್ನೊಂದ್ಸಲ ಅನ್ಬ್ಯಾಡಿ." ಮಗಳೂ ಅಮ್ಮನ ಕಡೆಗೇ ಸೇರಿಕೊಂಡಳು. "ಸುಮ್ನಿರಪ್ಪ, ಅದು ನಾನ್ ಹುಟ್ದಾಗ ನೆಟ್ಟಿದ್ ಮರ" ಎಂದಳು. ಕಡಿಸುತ್ತೇನೆಂದರೂ ಕಡಿಯುವವರು ಬೇಕಲ್ಲ. ಆಷಾಢ ಶುರುವಾಗಿತ್ತು. ನಮ್ಮ ಬಯಲುಸೀಮೆಯ ಆಷಾಢದ ಗಾಳಿಯಲ್ಲಿ ಕೀಳುವುದಕ್ಕೂ ಕಡಿಯುವುದಕ್ಕೂ ತೆಂಗು ಹತ್ತುವ ಗಂಡಸು ಯಾರೂ ಇಲ್ಲ.

ಆ ಗಾಳಿಯಿದೆಯಲ್ಲ, ಅದು ಹಗಲೆಲ್ಲ ಗರಿಗಳನ್ನು ಉಜ್ಜುತ್ತಿತ್ತು. ನಾನು ಊಟಕ್ಕೆ ಕೂತರೂ ಕಿವಿ ಮೇಲೇ ಇರುತ್ತಿತ್ತು. ಎಲ್ಲೋ ಬಾಗಿಲು ಬಡಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಮಗು ಎಲ್ಲಿದೆ ಎಂದು ಹೊತ್ತಿಗೊಂದು ಸಲ ಕೇಳಿ ಕೇಳಿ ಮಗಳಿಂದಲೂ ಬೈಸಿಕೊಂಡೆ. ಯಾರಿಗೂ ಹೇಳದ ಮಾತು, ನಿಮಗೆ ಹೇಳುತ್ತೇನೆ. ಆ ಮಗುವನ್ನು ನೋಡಿದಾಗಲೆಲ್ಲ ನನಗೆ ಅದರ ಮುಖ ಕಾಣುತ್ತಿರಲಿಲ್ಲ, ನೆತ್ತಿಯೊಂದೇ ಕಾಣುತ್ತಿತ್ತು.

ಕಡಿಸುವ ಹಾಗಿಲ್ಲ, ಕೀಳಿಸುವ ಹಾಗಿಲ್ಲ, ಸುಮ್ಮನಿರುವುದಕ್ಕೂ ಆಗದು. ಆಗ ನನಗೆ ತಿಳಿದಿದ್ದ ಒಂದೇ ವಿದ್ಯೆ ನೆನಪಾಯಿತು. ಮರಕ್ಕೆ ಹದ್ದುಬಸ್ತು ಮಾಡಿದೆ. ಬುಡಕ್ಕೆ ಹಗ್ಗ ಕಟ್ಟಿ, ಒಂದು ಗರಿಯ ಉದ್ದಕ್ಕೆ ಹಿಡಿದು, ಸುತ್ತ ತಿರುಗಿ, ಸುಣ್ಣದಲ್ಲಿ ಗೆರೆ ಎಳೆದೆ. ಗೆರೆಯ ಮೇಲೆ ಅಲ್ಲಲ್ಲಿ ಕಲ್ಲು ಇಟ್ಟೆ. ಒಂದು ಕಡೆ ಮನೆಯ ಗೋಡೆ, ಮಿಕ್ಕ ಕಡೆ ನನ್ನ ಗೆರೆ. ಗೆರೆಯ ಒಳಗೆ ಮರದ ಸರಹದ್ದು, ಹೊರಗೆ ಮನುಷ್ಯರದು. ಒಗೆಯುವ ಕಲ್ಲು ಮರದ ಸರಹದ್ದಿನೊಳಗೆ ಬಂದದ್ದರಿಂದ ಅದನ್ನು ಕೀಳಿಸಿ ಅಂಗಳದ ಆ ತುದಿಗೆ ಹಾಕಿಸಿದೆ. ಬಿದ್ದ ಕಾಯಿಗಳು ಮಾತ್ರ ಆಗಾಗ ಗೆರೆಯ ಹೊರಗೆ ಸಿಕ್ಕುತ್ತಿದ್ದವು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ನಮ್ಮ ಅಂಗಳ ಅತ್ತಲಾಗಿ ವಸಿ ಇಳಿಜಾರು, ಮನೆ ಕಟ್ಟಿಸುವಾಗ ನಾನೇ ಮಟ್ಟ ಹಿಡಿದಿದ್ದೆ. ಬುಡದಲ್ಲಿ ಬಿದ್ದದ್ದು ಉರುಳಿಕೊಂಡು ಹೋಗಿದೆ, ಅಷ್ಟೆ. ಮೊದಲ ದಿನ ಮಣ್ಣಿನಲ್ಲಿ ಹೂತುಕೊಂಡಿದ್ದ ಕಾಯಿ ಉರುಳಿದ್ದು ಹೇಗೆ ಎಂದು ನೀವು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ.

ಗೆರೆಯೊಳಗೆ ನಾನೊಬ್ಬನೇ ಹೋಗಬಹುದಿತ್ತು, ಅದೂ ದಾಸವಾಳಕ್ಕೆ ನೀರು ಹಾಕಲು, ಹೆಲ್ಮೆಟ್ ಧರಿಸಿ. ನಿವೃತ್ತನಾದ ಮೇಲೆ ಮೊಪೆಡ್ಡನ್ನು ಮಾರಿದ್ದೆ, ಹೆಲ್ಮೆಟ್ಟನ್ನು ಕೇಳಿದವರಿರಲಿಲ್ಲ. ಹಳೆಯ ಕಾಲದ್ದು, ಹಣೆಯ ಮೇಲೆ ಸೂರಿನ ಹಾಗೆ ಚಾಚಿಕೊಂಡಿರುವಂಥದು. ನಮ್ಮದು ಮೂಲೆಮನೆ, ಬೀದಿ ಹಿತ್ತಿಲ ಬೇಲಿಯನ್ನು ಸುತ್ತಿಕೊಂಡೇ ಹೋಗುತ್ತದೆ. ಶಿವಣ್ಣ ಆ ಬೇಲಿಯಾಚೆ ನಿಂತು ಕಣ್ತುಂಬ ನೋಡಿದ.

"ಏನ್ಲಾ, ಗಾಡಿ ಎಲ್ಲಿ ಬುಟ್ಟೆ?"

"ನಗಬೇಡ ಕಣ್ಲಾ, ಕಾಯಿ ಬಿದ್ರೆ ಗೊತ್ತಾಗುತ್ತೆ."

"ಅಂಗಾರೆ ನೀನು ನೀರಾಕೋ ಮುಂಚೆ ಪೋಂಪೋಂ ಅಂತ ಆರನ್ನೂ ವಡಿ. ಕಾಯ್ಗೆ ಕಣ್ ಮಾತ್ರ ಅಲ್ಲ, ಕಿವೀನೂ ಇರ್ಬೋದು." ಹೇಳಿದವನೇ ಬೀದಿಗೆಲ್ಲ ಕೇಳುವ ಹಾಗೆ ನಕ್ಕ. ಬೀದಿಯಿಂದ ನನ್ನ ಮರ ಬುಡದಿಂದ ತುದಿಯವರೆಗೆ ಅವನಿಗೆ ಕಾಣುತ್ತಿತ್ತು. ಅವನು ನೋಡುತ್ತಿದ್ದುದು ನನ್ನ ಹೆಲ್ಮೆಟ್ಟನ್ನು.

ಆಮೇಲೆ ಆ ಬೆಳಿಗ್ಗೆ ಬಂತು. ಗಾಳಿ ಎದ್ದಿತ್ತು, ಆದರೆ ಮೋಡವಿರಲಿಲ್ಲ. ಹಲವು ದಿನ ಮುಚ್ಚಿಕೊಂಡಿದ್ದ ಬಿಸಿಲು ಅವತ್ತು ಕಂಡದ್ದರಿಂದ, ಮಗುವಿಗೆ ಬಿಸಿಲು ಕಾಸಲೇಬೇಕೆಂದು ಜಯಮ್ಮ ಹಟ ಹಿಡಿದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಕೊನೆಗೆ ಜಾಗ ನಾನೇ ಆರಿಸುತ್ತೇನೆಂದು ಒಪ್ಪಂದವಾಯಿತು. ಗೆರೆಯಿಂದ ಹೊರಗೆ, ಅಂಗಳದ ಆ ತುದಿಯಲ್ಲಿ, ಬಿಸಿಲು ಬಿದ್ದ ಕಡೆ ನಾನೇ ಚಾಪೆ ಹಾಸಿದೆ. ಅದರ ಮೇಲೆ ಹಳೇ ಸೀರೆ ಮಡಿಸಿ ಹಾಸಿದೆ. ಮಗುವನ್ನು ಮಲಗಿಸಿ ಜಯಮ್ಮ ಪಕ್ಕದಲ್ಲಿ ಕೂತಳು. ಸವಿತಾ ಒಳಗೆ ಕೆಂಡದ ಮುಂದೆ ತಲೆ ಒಣಗಿಸಿಕೊಳ್ಳುತ್ತಿದ್ದಳು. ನಾನು ಹೆಲ್ಮೆಟ್ ಹಾಕಿಕೊಂಡು ಗೆರೆಯ ಮೇಲೆ ನಿಂತೆ. ಮರದ ಬುಡಕ್ಕೆ ಮುಖ, ಮಗುವಿಗೆ ಬೆನ್ನು. ಕಳ್ಳ ಬರುವುದು ಈ ಬಾಗಿಲಿಂದಲೇ ಎಂದು ತಿಳಿದ ಕಾವಲುಗಾರನ ಹಾಗೆ ಕಣ್ಣು ಮಿಟುಕಿಸದೆ ಬುಡವನ್ನೇ ನೋಡುತ್ತಿದ್ದೆ. ಅಕ್ಕಪಕ್ಕ ಯಾರು ಓಡಾಡಿದರೂ ಕಾಣದಂತೆ ಹೆಲ್ಮೆಟ್ಟು ಅಡ್ಡವಾಗಿತ್ತು.

ಹಿಂದಿನಿಂದ ಧೊಪ್ ಎಂದಿತು.

ತಿರುಗಿದೆ. ಚಾಪೆಯ ಮೇಲೆ, ಸೀರೆಯ ಮಡಿಕೆಯ ನಡುವೆ, ಕಾಯಿ ಬಿದ್ದಿತ್ತು. ಸೀರೆ ಅದರ ಸುತ್ತ ಒಳಕ್ಕೆ ಕುಸಿದಿತ್ತು. ಜಯಮ್ಮ ಇರಲಿಲ್ಲ. ಮಗು ಕಾಣಲಿಲ್ಲ. ಓಡಿ ಹೋಗಿ ಮಂಡಿಯೂರಿದೆ. ಸೀರೆಯ ಅಂಚು ಹಿಡಿದ ಕೈ ಅದನ್ನು ಎತ್ತಲಾರದೆ ನಿಂತುಬಿಟ್ಟಿತು. ಆ ಮಡಿಕೆ ಎತ್ತುವುದಕ್ಕಿಂತ ಅಲ್ಲೇ ಸತ್ತುಹೋಗುವುದು ಸುಲಭ ಅನ್ನಿಸಿತು. ಸೀರೆ ಒದ್ದೆಯಾಗಿತ್ತು. ಎತ್ತಿದೆ. ಕೆಳಗೆ ಚಾಪೆ, ಚಾಪೆಯಲ್ಲೊಂದು ಕುಳಿ. ಬೇರೇನೂ ಇರಲಿಲ್ಲ.

"ಉಚ್ಚೆ ಉಯ್ಕಂಡ್ತು, ಬಟ್ಟೆ ಬದ್ಲಾಯ್ಸುಮಾ ಅಂತ ಒಳೀಕ್ ಎತ್ಕೊಂಡೋದೆ" ಎನ್ನುತ್ತ ಜಯಮ್ಮ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕಾಣಿಸಿಕೊಂಡಳು. ಚಾಪೆ ನೋಡಿದಳು. ಕಾಯಿ ನೋಡಿದಳು. ನನ್ನನ್ನು ನೋಡಿದಳು. ಹೊಸಿಲ ಮೇಲೆ ಹಾಗೇ ಕುಸಿದು ಕೂತಳು.

ನಾನು ಹೆಲ್ಮೆಟ್ ತೆಗೆದದ್ದು ಆಗ, ಉಸಿರು ಕಟ್ಟುತ್ತಿತ್ತು ಎಂದು. ತೆಗೆದು ಮುಖ ಎತ್ತಿದರೆ, ನೆತ್ತಿಯ ಮೇಲೆ ನೇರವಾಗಿ ತೆಂಗಿನ ಗೊನೆಗಳು. ಮರ ನಮ್ಮ ಸೂರಿನ ಎತ್ತರದವರೆಗೆ ಕಂಬದ ಹಾಗೆ ನೆಟ್ಟಗಿದೆ. ಅಲ್ಲಿಂದಾಚೆಗೆ, ಮನೆಯ ನೆರಳು ತಪ್ಪಿಸಿ ಬೆಳಕು ಹುಡುಕಿಕೊಂಡು, ಅಂಗಳದ ಮೇಲೆ ಬಾಗಿ ಬಾಗಿ ಹೋಗಿದೆ. ಬುಡ ಗೋಡೆಯ ಹತ್ತಿರ, ತಲೆ ಅಂಗಳದ ಆ ತುದಿಯಲ್ಲಿ. ಕಾಯಿ ಬೀಳುವುದು ತಲೆಯಿಂದ. ನಾನು ಹದ್ದುಬಸ್ತು ಮಾಡಿದ್ದು ಬುಡಕ್ಕೆ. ಜೀವಮಾನವೆಲ್ಲ ನೆಲ ನೋಡಿ ಅನ್ನ ತಿಂದವನಿಗೆ ಮರವೂ ಒಂದು ಬಾಂದುಕಲ್ಲಿನ ಹಾಗೆ ಕಂಡಿತ್ತು. ಮೇಲೆ ನೋಡೋಣವೆಂದರೆ ಹೆಲ್ಮೆಟ್ಟಿನ ಸೂರು ಬಿಟ್ಟಿರಲಿಲ್ಲ. ಬಟ್ಟೆ ಒಗೆಯುವವಳನ್ನು ಬುಡದಿಂದ ಎಬ್ಬಿಸಿ ಗೊನೆಯ ಕೆಳಗೆ ಕೂರಿಸಿದವನು ನಾನು. ಮಗುವಿಗೆ ಚಾಪೆ ಹಾಸಿದವನೂ ನಾನೇ. ಮಗುವಿನ ಕುಂಡೆ ಕೆತ್ತಿದ ಬಡಗಿಯ ಕಥೆಗೆ ಜಯಮ್ಮ ನಗುತ್ತಿದ್ದಳು. ನನಗೆ ಈಗ ಆ ಬಡಗಿಯ ಎದೆಯೊಳಗೆ ಏನಾಗಿರಬೇಕೆಂದು ಗೊತ್ತಾಯಿತು.

ಜಯಮ್ಮ ನಡುಗುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ನಡುಗಿದ್ದನ್ನು ನಾನು ಕಂಡಿರಲಿಲ್ಲ. ಮಗುವಿನ ನೆತ್ತಿಯ ಮೇಲೆ ಅಂಗೈ ಮುಚ್ಚಿಕೊಂಡು, "ಕಡ್ಸಿ. ಇವತ್ತೇ ಕಡ್ಸಿ. ನಂಗ್ಯಾವ ಮರಾನೂ ಬ್ಯಾಡ, ಕಡ್ಸಾಕಿ" ಎಂದು ಅಳುತ್ತ ಒಂದೇ ಸಮನೆ ಹೇಳುತ್ತಿದ್ದಳು. ಕಡಿಸೋಣವೆಂದು ಗೋಗರೆದಿದ್ದವನು ನಾನು. ಆದರೆ ಅವಳ ಆ ಮುಖ ನೋಡಲಾಗದೆ ಪಕ್ಕದಲ್ಲಿ ಕೂತು, ನನಗೆ ಬಾಯಿಗೆ ಬಂದದ್ದು ಹೇಳಿದೆ.

"ಕಾಯಿಗೆ ಕಣ್ಣಿದೆ ಕಣೆ ಜಯಾ. ನೋಡು, ಮಗು ಎತ್ತಿಕೊಂಡು ಹೋಗುವವರೆಗೂ ಕಾದಿತ್ತು."

ಅವಳು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. "ಕಣ್ಣು ಮ್ಯಾಲ್ಗಡೀಕದೆ ಅಂತ ನೀವೇ ಅಲ್ವಾ ಸುಲ್ದು ತೋರ್ಸಿದ್ದು?"

ಮಾರನೆಯ ದಿನವೂ ಗಾಳಿ ನಿಂತಿರಲಿಲ್ಲ. ಕಡಿಯುವವನು ಆಷಾಢ ಕಳೆಯಲಿ ಎಂದು ಹೇಳಿ ಕಳಿಸಿದ್ದ. ಬಿಸಿಲು ಮಾತ್ರ ಯಾವುದಕ್ಕೂ ಕಾಯದೆ ಹಿತ್ತಿಲಿಗೆ ಬಂತು. ಮಗುವನ್ನು ಎಲ್ಲಿ ಮಲಗಿಸುವುದು? ಹಿತ್ತಿಲಲ್ಲಿ ಕಾಯಿ ಬೀಳದ ಜಾಗ ಇದ್ದದ್ದು ಒಂದೇ, ಮರದ ಬುಡ. ನಾನು ಸುಣ್ಣ ಎಳೆದು ಯಾರೂ ಕಾಲಿಡಬಾರದೆಂದು ಕಲ್ಲಿಟ್ಟ ಜಾಗ. ಒಂದು ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ದಾರಿ ಮಾಡಿದೆ. ಜಯಮ್ಮ ಗೆರೆಯ ಮುಂದೆ ನಿಂತು ಹಿಂದುಮುಂದು ನೋಡಿದಳು. ಆಮೇಲೆ ಒಳಗೆ ಹೋಗಿ, ಕಾಂಡಕ್ಕೆ ಬೆನ್ನು ಕೊಟ್ಟು ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನನ್ನ ಕಡೆ ಕೈ ಚಾಚಿದಳು.

"ಕೊಡಿ ಅದ."

ಹೆಲ್ಮೆಟ್ ಕೊಟ್ಟೆ. ತುರುಬಿನ ಮೇಲೆ ಅದು ಸರಿಯಾಗಿ ಕೂರಲಿಲ್ಲ, ಆದರೂ ಒತ್ತಿ ಹಾಕಿಕೊಂಡು ಮಗುವಿನ ಮೇಲೆ ಬಾಗಿದಳು. ಮಗುವಿನ ನೆತ್ತಿಗೆ ಹೆಲ್ಮೆಟ್ಟಿನ ನೆರಳು ಬಿತ್ತು. ಬೇಲಿಯಾಚೆ ಶಿವಣ್ಣ ಕಾಣಿಸಿಕೊಂಡ. ಅವಳ ಮುಖ ನೋಡಿದ. ನನ್ನ ಮುಖ ನೋಡಿದ. ನಾನು ನೋಡುತ್ತಿದ್ದ ಕಡೆಗೆ ತಾನೂ ತಲೆ ಎತ್ತಿದ.

ನಾನು ಅಂಗಳದ ಆ ತುದಿಯಲ್ಲಿ ಬರಿತಲೆಯಲ್ಲಿ ನಿಂತಿದ್ದೆ. ಗೊನೆಗಳು ಗಾಳಿಗೆ ಓಲಾಡುತ್ತಿದ್ದವು. ಭಯ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಹೋಗಿರಲಿಲ್ಲ, ಅದು ಇರುವುದು ಎಲ್ಲಿ ಎಂದು ಈಗ ಕಾಣುತ್ತಿತ್ತು, ಅಷ್ಟೆ. ಮಗಳು ಮಗುವನ್ನು ಕರೆದುಕೊಂಡು ಪಾಂಡವಪುರಕ್ಕೆ ಹೋಗುವವರೆಗೂ ದಿನಾ ಬೆಳಿಗ್ಗೆ ಗೊನೆಗಳ ಮೇಲೆ ಕಣ್ಣಿಟ್ಟು ನಿಲ್ಲುವುದೇ ನನಗೆ ಕೆಲಸ. ಕತ್ತು ಬಹಳ ನೋಯುತ್ತಿತ್ತು. ಆದರೆ ನಿವೃತ್ತನಾದ ಮೇಲೆ ನಾನು ಹೊತ್ತು ಹೋಗಲೆಂದು ಮಾಡದ ಕೆಲಸ ಅದೊಂದೇ.